ಜೋರಾಗಿ ತುಳಿದಾಗಲೆಲ್ಲ ಟಕ್: ಕಡಿಮೆ ಬೆಲೆಯ ಎಂಟಿಬಿ ಸೈಕಲ್ಲಿನ ಸದ್ದು ಹಿಡಿಯುವುದು ಹೇಗೆ

ನನ್ನ ಸೈಕಲ್ ಮೂರು ತಿಂಗಳು ಟಕ್ ಟಕ್ ಅನ್ನುತ್ತಿತ್ತು. ಅದೂ ಜೋರಾಗಿ ತುಳಿದರೆ ಮಾತ್ರ. ಸಮ ರಸ್ತೆಯಲ್ಲಿ ಆರಾಮಾಗಿ ಹೋಗುತ್ತಿದ್ದರೆ ತೆಪ್ಪಗಿರುತ್ತಿತ್ತು. ಏರು ಬಂತು, ಎದ್ದು ನಿಂತೆ, ಟಕ್. ಸಿಗ್ನಲ್ ಬಿಟ್ಟಿತು, ಒಂದು ದಮ್ಮು ಕಟ್ಟಿ ತುಳಿದೆ, ಟಕ್.

ಸೈಕಲ್ ಅಂಥ ದೊಡ್ಡದೇನಲ್ಲ. 17,000 ರೂಪಾಯಿಯ ಎಂಟಿಬಿ, ಅಂದರೆ ಮೌಂಟನ್ ಬೈಕ್. ಅಲ್ಯೂಮಿನಿಯಂ ಫ್ರೇಮ್, ಮುಂದೆ ಸ್ಪ್ರಿಂಗ್ ಫೋರ್ಕ್, ಮುಂದೆ 3 ಹಿಂದೆ 7 ಗೇರ್, ಕೇಬಲ್ ಎಳೆಯುವ ಡಿಸ್ಕ್ ಬ್ರೇಕ್. ವಾರಕ್ಕೆ ಐದು ದಿನ ಮೈಸೂರಿನ ಕುವೆಂಪುನಗರದಿಂದ ಹೆಬ್ಬಾಳದ ಇಂಡಸ್ಟ್ರಿಯಲ್ ಏರಿಯಾಗೆ ಕೆಲಸಕ್ಕೆ ಹೋಗಿ ಬರೋದು. ಭಾನುವಾರ ವರುಣಾ ನಾಲೆ ಏರಿಯ ಮಣ್ಣುದಾರಿ, ಮೈಯಲ್ಲಿ ಕಸುವಿದ್ದರೆ ಚಾಮುಂಡಿ ಬೆಟ್ಟ. ನಾನು 86 ಕೆ.ಜಿ. ಇದ್ದೇನೆ. ಬೆನ್ನಿಗೆ ಲ್ಯಾಪ್‌ಟಾಪ್ ಮತ್ತು ಊಟದ ಡಬ್ಬಿ ಬೇರೆ. ತೂಕದ ಮಾತು ಮುಂದೆ ಬೇಕಾಗುತ್ತದೆ, ಅದಕ್ಕೇ ನಾಚಿಕೆ ಬಿಟ್ಟು ಹೇಳಿಬಿಟ್ಟೆ.

ಅಂಗಡಿಗೆ ಒಯ್ದೆ. ಹುಡುಗ ಪೆಡಲ್ ಎರಡು ಸುತ್ತು ತಿರುಗಿಸಿ, ಬಗ್ಗಿ ಕಿವಿ ಕೊಟ್ಟು, “ಬಿ.ಬಿ. ಹೋಗಿದೆ ಸಾರ್” ಅಂದ. ಬಿ.ಬಿ. ಅಂದರೆ ಬಾಟಮ್ ಬ್ರಾಕೆಟ್. ಪೆಡಲ್ ಕೂರಿಸಿರುವ ಎರಡು ಕೈಗಳ, ಅಂದರೆ ಕ್ರ್ಯಾಂಕುಗಳ ನಡುವೆ, ಫ್ರೇಮಿನ ಹೊಟ್ಟೆಯೊಳಗೆ ಕೂತಿರುವ ಬೇರಿಂಗು. ಹೊಸದು ಹಾಕಿಸಿದೆ. ಮಜೂರಿ ಸೇರಿ 850 ರೂಪಾಯಿ. ಮನೆ ಮುಟ್ಟುವ ಮೊದಲೇ ಟಕ್.

ಆಮೇಲೆ ನಾನೇ ಕೂತು ಹುಡುಕಿದೆ. ಸಿಕ್ಕಾಪಟ್ಟೆ ಅಡ್ಡದಾರಿ ಹಿಡಿದೆ. ಹುಡುಕಬೇಕಾಗಿದ್ದ ಕ್ರಮ ಈಗ ಗೊತ್ತಾಗಿದೆ, ಅದನ್ನೇ ಬರೆಯುತ್ತೇನೆ.

ಎಲ್ಲಿಂದ ಅಂತ ಕೇಳಬೇಡಿ, ಯಾವಾಗ ಅಂತ ಕೇಳಿ

ಫ್ರೇಮ್ ಅಂದರೆ ಟೊಳ್ಳು ಕೊಳವೆ, ತಂಬೂರಿ ಬುರುಡೆ ಇದ್ದ ಹಾಗೆ. ಒಂದು ಕಡೆ ಹುಟ್ಟಿದ ಸದ್ದು ಇನ್ನೊಂದು ಕಡೆ ಕೇಳಿಸುತ್ತದೆ. ಸೀಟಿನ ಕೆಳಗಿನ ಕಿರ್ ಸದ್ದು ಪೆಡಲ್ ಹತ್ತಿರ ಬಂದಂತೆ ಅನಿಸುತ್ತದೆ. ಹಿಂದಿನ ಚಕ್ರದ ಟಕ್ ನಿಮ್ಮ ಬಲಗಾಲಿನಡಿಯಲ್ಲೇ ಹೊಡೆದಂತಿರುತ್ತದೆ. ಇನ್ನೊಂದು ತೊಂದರೆ, ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ ಕೈಯಲ್ಲಿ ಪೆಡಲ್ ತಿರುಗಿಸಿದರೆ ಸದ್ದು ಬರುವುದೇ ಇಲ್ಲ, ಮೇಲೆ ಭಾರ ಇಲ್ಲವಲ್ಲ. ಹಾಗೆ ತಿರುಗಿಸಿ ಕೇಳಿ ರೋಗ ಹೇಳುವವರ ಮಾತಿಗೆ ದುಡ್ಡು ಬಿಚ್ಚಬೇಡಿ.

ಗಾಡಿ ಓಡಾಟ ಕಡಿಮೆ ಇರುವ ರಸ್ತೆಗೆ ಹೋಗಿ. ವೇಗ ಹಿಡಿದ ಮೇಲೆ ತುಳಿಯುವುದನ್ನು ನಿಲ್ಲಿಸಿ, ಸೈಕಲ್ ತಾನಾಗಿ ಓಡಲಿ. ಆಗಲೂ ಸದ್ದು ಬಂದರೆ ಅದು ಚಕ್ರ, ಟೈರ್, ಬ್ರೇಕ್ ಇಲ್ಲವೇ ಮಡ್‌ಗಾರ್ಡಿನದು. ನಿಂತುಹೋದರೆ ತುಳಿತಕ್ಕೆ ಸಂಬಂಧ ಇದೆ. ಈಗ ಎದ್ದು ನಿಂತು ತುಳಿಯಿರಿ. ಕೂತಾಗ ಬರುತ್ತಿದ್ದದ್ದು ನಿಂತಾಗ ಮಾಯವಾದರೆ ಸೀಟನ್ನೋ ಸೀಟಿನ ಕಂಬವನ್ನೋ ನೋಡಿ. ನಿಂತಾಗಲೇ ಜಾಸ್ತಿಯಾದರೆ ಪೆಡಲ್, ಕ್ರ್ಯಾಂಕ್, ಬಿ.ಬಿ., ಹ್ಯಾಂಡಲ್ ಅಥವಾ ಹಿಂದಿನ ಹಬ್ (ಕಡ್ಡಿಗಳೆಲ್ಲ ಬಂದು ಸೇರುವ ಚಕ್ರದ ನಡುಭಾಗ). ಆಮೇಲೆ ಒಂದೊಂದೇ ಕಾಲಿನಲ್ಲಿ ಭಾರ ಹಾಕಿ ನೋಡಿ.

ಕೊನೆಯದು ಎಣಿಕೆ. ಇದನ್ನು ಯಾರೂ ಮಾಡಲ್ಲ, ಆದರೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವುದು ಇದೇ. ಪೆಡಲ್ ಒಂದು ಸುತ್ತಿಗೆ ಸರಿಯಾಗಿ ಒಂದು ಸಲ ಟಕ್ ಎಂದರೆ ಪೆಡಲ್ ಅಥವಾ ಕ್ರ್ಯಾಂಕ್. ಮುಂದೆ 42 ಹಲ್ಲು, ಹಿಂದೆ 24 ಹಲ್ಲಿನ ಗೇರ್ ಇಟ್ಟರೆ ಪೆಡಲ್ ಒಂದು ಸುತ್ತಿಗೆ ಚಕ್ರ ಒಂದೂಮುಕ್ಕಾಲು ಸುತ್ತು ತಿರುಗುತ್ತದೆ. ಸದ್ದು ಆ ಲೆಕ್ಕಕ್ಕೆ ಹೊಂದಿದರೆ ಚಕ್ರದ ಕಡೆ, ಅಂದರೆ ಸಡಿಲ ಕಡ್ಡಿ, ಟೈರಿಗೆ ಅಂಟಿದ ಕಲ್ಲು, ಹಬ್ಬು ನೋಡಿ. ಚೈನಿನಲ್ಲಿ 110ರ ಮೇಲೆ ಚಿಲ್ಲರೆ ಕೊಂಡಿಗಳಿರುತ್ತವೆ. ಅದು 42 ಹಲ್ಲಿನ ಮೇಲೆ ಪೂರ್ತಿ ಒಂದು ಸುತ್ತು ಬರಲು ಪೆಡಲ್ ಎರಡೂವರೆ ಸುತ್ತಿಗಿಂತ ಸ್ವಲ್ಪ ಹೆಚ್ಚೇ ತಿರುಗಬೇಕು. ಅಷ್ಟಕ್ಕೊಮ್ಮೆ ಸದ್ದು ಬಂದರೆ ಯಾವುದೋ ಒಂದು ಕೊಂಡಿ ಬಿಗಿದುಕೊಂಡಿದೆ. ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿದರೆ ಆ ಕೊಂಡಿ ಹಿಂದಿನ ಚಿಕ್ಕ ಗಾಲಿಗಳ ಹತ್ತಿರ ಎಗರುವುದು ಕಣ್ಣಿಗೇ ಕಾಣುತ್ತದೆ.

ನನ್ನ ಟಕ್ ಯಾವ ಲೆಕ್ಕಕ್ಕೂ ಸಿಗುತ್ತಿರಲಿಲ್ಲ. ಒಮ್ಮೆ ಎರಡೂ ಕಾಲಿಗೆ, ಒಮ್ಮೆ ಬಲಗಾಲಿಗೆ ಮಾತ್ರ, ಕೆಲವು ದಿನ ಬರುತ್ತಲೇ ಇರಲಿಲ್ಲ. ಲೆಕ್ಕಕ್ಕೆ ಸಿಗದಿರುವುದೇ ಒಂದು ಸುಳಿವು ಅಂತ ಆಗ ಹೊಳೆಯಲಿಲ್ಲ.

ದುಡ್ಡು ಬೇಡದ ಕೆಲಸಗಳು

ಸೀಟಿನ ಕಂಬ ಎಳೆದು ತೆಗೆಯಿರಿ. ಎಷ್ಟು ಎತ್ತರಕ್ಕಿತ್ತು ಅಂತ ಮೊದಲು ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ, ಇಲ್ಲದಿದ್ದರೆ ಮಾರನೇ ದಿನ ಮಂಡಿ ನೋವು ಬರುತ್ತದೆ. ನಾಲೆ ಏರಿ ಮೇಲೆ ಓಡಿಸುವವರ ಕಂಬದಲ್ಲಿ ಕೆಮ್ಮಣ್ಣಿನ ಪುಡಿ ಒಂದು ಚಮಚವಾದರೂ ಸಿಗುತ್ತದೆ. ಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಗ್ರೀಸ್ ಸವರಿ, ವಾಪಸ್ ಹಾಕಿ. ಸೀಟಿನ ಕೆಳಗಿನ ಕಂಬಿಗಳನ್ನು ಹಿಡಿದಿರುವ ಬೋಲ್ಟನ್ನೂ ಒಮ್ಮೆ ಬಿಚ್ಚಿ ಬಿಗಿ ಮಾಡಿ. “ಬಿ.ಬಿ. ಹೋಗಿದೆ” ಅನ್ನಿಸಿಕೊಂಡ ಎಷ್ಟೋ ಸೈಕಲ್ಲುಗಳು ಇಷ್ಟಕ್ಕೇ ಸುಮ್ಮನಾಗುತ್ತವೆ.

ಸ್ಪ್ಯಾನರ್ ಇಲ್ಲದೆ ಚಕ್ರ ಬಿಚ್ಚಲು ಇರುವ ಕ್ವಿಕ್ ರಿಲೀಸ್ ಹಿಡಿಗಳನ್ನು ನೋಡಿ. ಮುಚ್ಚುವಾಗ ಅಂಗೈಯಲ್ಲಿ ಹಿಡಿಯ ಗುರುತು ಮೂಡುವಷ್ಟು ಬಿಗಿ ಬೇಕು. ಸೈಡ್ ಸ್ಟ್ಯಾಂಡ್, ಬಾಟಲಿ ಗೂಡು, ಕ್ಯಾರಿಯರ್ ಬೋಲ್ಟುಗಳನ್ನೂ ಒಂದು ಸುತ್ತು ನೋಡಿ. ಆಫೀಸಿನ ಗೆಳೆಯನ ಸೈಕಲ್ಲೊಂದು ಪ್ರತಿ ಸುತ್ತಿಗೂ ಗಡಿಯಾರದ ಹಾಗೆ ಟಿಕ್ ಅನ್ನುತ್ತಿತ್ತು. ಕಾರಣ ಮುಂದಿನ ಗೇರ್ ಕೇಬಲ್ಲಿನ ತುದಿ. ಒಂದಿಂಚು ಹೊರಗೆ ಚಾಚಿ, ಕ್ರ್ಯಾಂಕ್ ಬಂದಾಗಲೆಲ್ಲ ತಗುಲುತ್ತಿತ್ತು. ಬೆರಳಲ್ಲಿ ಬಗ್ಗಿಸಿದೆ, ಮುಗೀತು. ಅವನು ಹೊಸ ಸೈಕಲ್ ನೋಡುತ್ತಿದ್ದ!

ಮುಂದಿನ ಫೋರ್ಕಿನ ಟಕ್ಕನ್ನು ಪತ್ತೆ ಮಾಡುವುದು ಸುಲಭ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಜಗ್ಗಿ. ಹ್ಯಾಂಡಲ್ ಬುಡದಲ್ಲಿ ಬೆರಳಿಟ್ಟಾಗ ಅಲ್ಲಾಟ ಸಿಕ್ಕರೆ ಹೆಡ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗು, ಸಡಿಲ. ಅಲ್ಲಿ ಗಟ್ಟಿಯಿದ್ದು ಫೋರ್ಕಿನ ಕಾಲುಗಳೇ ಅಲ್ಲಾಡಿದರೆ ಒಳಗಿನ ಬುಷ್ ಸವೆದಿದೆ. ಈ ಬೆಲೆಯ ಫೋರ್ಕುಗಳಲ್ಲಿ ಅದಕ್ಕೆ ಪಾಡು ಬಿದ್ದು ರಿಪೇರಿ ಮಾಡಿಸುವುದರಿಂದ ಲಾಭವಿಲ್ಲ.

ಪೆಡಲ್ ಮತ್ತು ಎಡ ಕ್ರ್ಯಾಂಕ್

ಪೆಡಲ್ ಬಿಚ್ಚಲು 15ರ ಸ್ಪ್ಯಾನರ್ ಸಾಕು. ಎಡ ಪೆಡಲಿನ ಥ್ರೆಡ್ ಉಲ್ಟಾ. ಎಡ ಬಲ ಅಂತ ತಲೆ ಕೆಡಿಸಿಕೊಳ್ಳುವ ಬದಲು ಇಷ್ಟು ನೆನಪಿಟ್ಟುಕೊಳ್ಳಿ: ಸ್ಪ್ಯಾನರನ್ನು ಮೇಲ್ಮುಖ ಮಾಡಿ ಹಿಡಿದು, ಹಿಂದಿನ ಚಕ್ರದ ಕಡೆ ಎಳೆದರೆ ಎರಡೂ ಬಿಚ್ಚುತ್ತವೆ. ಥ್ರೆಡ್ ಒರೆಸಿ, ಗ್ರೀಸ್ ಹಚ್ಚಿ, ಗಟ್ಟಿಯಾಗಿ ಕೂರಿಸಿ. ಅನುಮಾನ ಉಳಿದರೆ ಯಾರದಾದರೂ ಪೆಡಲ್ ಒಂದು ದಿನಕ್ಕೆ ಎರವಲು ತಂದು ಹಾಕಿ ನೋಡಿ.

ಎಡ ಕ್ರ್ಯಾಂಕಿನ ವಿಷಯ ಸ್ವಲ್ಪ ಉದ್ದ. ಈ ಬೆಲೆಯ ಸೈಕಲ್ಲುಗಳಲ್ಲಿ ಬಿ.ಬಿ.ಯ ಉಕ್ಕಿನ ದಂಡದ ತುದಿ ಚೌಕಾಕಾರ, ತುದಿಗೆ ಹೋದಂತೆ ಸಣ್ಣ. ಕ್ರ್ಯಾಂಕಿನಲ್ಲಿ ಅದೇ ಅಳತೆಯ ಚೌಕ ತೂತು. ಬೋಲ್ಟ್ ಬಿಗಿದಷ್ಟೂ ಒಂದರ ಮೇಲೊಂದು ಏರಿ ಕಚ್ಚಿಕೊಳ್ಳುತ್ತವೆ. ಬಿಗಿ ಕಡಿಮೆಯಾಗಿದ್ದರೆ ಉಕ್ಕು ಅಲ್ಯೂಮಿನಿಯಮ್ಮನ್ನು ಸ್ವಲ್ಪ ಸ್ವಲ್ಪವೇ ತಿನ್ನುತ್ತದೆ. ಮೊದಲು ಸಣ್ಣ ಟಕ್. ಆಗಲೇ ಬಿಗಿ ಮಾಡಿದರೆ ಬದುಕುತ್ತದೆ. “ನಾಳೆ ನೋಡೋಣ” ಅಂತ ಒಂದು ವಾರ ಓಡಿಸಿದರೆ ಚೌಕ ತೂತು ಗುಂಡಗಾಗಿಬಿಡುತ್ತದೆ. ಆಮೇಲೆ ಎಷ್ಟು ಬಿಗಿದರೂ ಎರಡು ದಿನಕ್ಕೆ ಮತ್ತೆ ಸಡಿಲ. ಹಾಗಾದರೆ ಎಡ ಕ್ರ್ಯಾಂಕ್ ಒಂದನ್ನೇ ಬೇರೆ ತರಬೇಕು. ಹಳೆಯದರ ಹಿಂಬದಿಯಲ್ಲಿ 170 ಅಂತ ಉದ್ದ ಕೊರೆದಿರುತ್ತದೆ, ಅದೇ ಉದ್ದದ್ದು ತನ್ನಿ.

ಪರೀಕ್ಷೆ ಹೀಗೆ. ಕ್ರ್ಯಾಂಕಿನ ತುದಿ ಹಿಡಿದು ಫ್ರೇಮಿನ ಕಡೆ ತಳ್ಳಿ, ಹೊರಗೆ ಎಳೆಯಿರಿ. ಒಂದು ಕ್ರ್ಯಾಂಕ್ ಮಾತ್ರ ಅಲ್ಲಾಡಿದರೆ ಅದರ ಬೋಲ್ಟ್ ಸಡಿಲ. ಒಂದನ್ನು ಅಲ್ಲಾಡಿಸಿದಾಗ ಇನ್ನೊಂದೂ ಜೊತೆಗೆ ಅಲ್ಲಾಡಿದರೆ ಬಿ.ಬಿ. ಹೋಗಿದೆ. ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು. ನನಗೆ ಮೊದಲೇ ಗೊತ್ತಿದ್ದರೆ 850 ರೂಪಾಯಿ ಉಳಿಯುತ್ತಿತ್ತು. ಅಂಗಡಿಯಿಂದ ಹಳೆ ಬಿ.ಬಿ. ವಾಪಸ್ ಕೇಳಿ ತಂದಿದ್ದೆ. ಬೆರಳಲ್ಲಿ ತಿರುಗಿಸಿದರೆ ಬೆಣ್ಣೆ ಹಾಗೆ ತಿರುಗುತ್ತದೆ, ಒಂದು ಚೂರೂ ಅಲ್ಲಾಟವಿಲ್ಲ.

ಬಿಗಿ ಮಾಡುವಾಗ ಪ್ಲಾಸ್ಟಿಕ್ ಮುಚ್ಚಳ ಕಿತ್ತು, 8ರ ಅಲೆನ್ ಕೀ ಅಥವಾ 14ರ ಬಾಕ್ಸ್ ಸ್ಪ್ಯಾನರ್ ಹಾಕಿ. ಸುಮಾರು 40 ನ್ಯೂಟನ್ ಮೀಟರ್ ಬಿಗಿ ಬೇಕು. ಅಂದರೆ ಒಂದಡಿ ಉದ್ದದ ಹಿಡಿಯ ತುದಿಗೆ 13–14 ಕೆ.ಜಿ. ಭಾರ ಹಾಕಿದಷ್ಟು. ಜೇಬಿನಲ್ಲಿಟ್ಟುಕೊಳ್ಳುವ ಮಡಚುವ ಅಲೆನ್ ಸೆಟ್ಟಿನಲ್ಲಿ ಇದು ಆಗುವ ಕೆಲಸವಲ್ಲ, ಕೈಗೆ ಪೆಟ್ಟು ಅಷ್ಟೆ. ಇನ್ನೊಂದು ಮಾತು, ನಮ್ಮ ದರ್ಜೆಯ ಕ್ರ್ಯಾಂಕುಗಳಲ್ಲಿ ಹೆಚ್ಚಿನವಕ್ಕೆ ಮುಂದಿನ ಮೂರೂ ಹಲ್ಲುಚಕ್ರಗಳನ್ನು ರಿವೆಟ್ ಹೊಡೆದು ಸೇರಿಸಿರುತ್ತಾರೆ. ಅದು ಸಡಿಲವಾಗಿ ಸದ್ದು ಮಾಡಿದರೆ ಬಿಗಿ ಮಾಡಲು ಬೋಲ್ಟೇ ಇರುವುದಿಲ್ಲ.

ಟಕ್ ಅಲ್ಲ, ಎಗರುತ್ತಿದೆ ಅನ್ನುವವರಿಗೆ

ಕೆಲವರು ಟಕ್ ಅನ್ನುವುದು ನಿಜವಾಗಿ ಚೈನ್ ಹಲ್ಲು ಬಿಟ್ಟು ಎಗರುವ ಸದ್ದು. ಕಾಲು ಕ್ಷಣಕಾಲ ಖಾಲಿಗೆ ಜಾರಿದ ಹಾಗಾಗುತ್ತದೆ. ಹಾಗಿದ್ದರೆ ಒಂದು ಉಕ್ಕಿನ ಸ್ಕೇಲ್ ತನ್ನಿ. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ (ಅದನ್ನು ಎಣಿಸದೆ) ಮುಂದಿನ ಇಪ್ಪತ್ತನಾಲ್ಕನೆಯ ಪಿನ್ನಿಗೆ ಸರಿಯಾಗಿ 12 ಇಂಚು, ಅಂದರೆ 304.8 ಮಿಲಿಮೀಟರ್. ಅದು 12 ಇಂಚಿನ ಮೇಲೆ ಹದಿನಾರನೇ ಒಂದು ಇಂಚು ಬೆಳೆದಿದ್ದರೆ ಚೈನ್ ಬದಲಿಸಿ. ಎಂಟನೇ ಒಂದು ಇಂಚು ಬೆಳೆದಿದ್ದರೆ ಹಿಂದಿನ ಹಲ್ಲುಗಳೂ ಸವೆದಿರುತ್ತವೆ, ಬರೀ ಚೈನ್ ಹೊಸದು ಹಾಕಿದರೆ ಎಗರುವುದು ಇನ್ನೂ ಜಾಸ್ತಿಯಾಗುತ್ತದೆ. ಮಳೆಗಾಲದಲ್ಲಿ ನಾಲೆ ಏರಿ ಸುತ್ತಿದ ಮೇಲೆ ಚೈನ್ ಒರೆಸದೆ ಮೇಲಿಂದ ಮೇಲೆ ಎಣ್ಣೆ ಸುರಿಯುವವರಿಗೆ ಈ ದಿನ ಬೇಗ ಬರುತ್ತದೆ. ಎಣ್ಣೆ ಜೊತೆ ಮಣ್ಣು ಸೇರಿದರೆ ಅದೇ ಉಪ್ಪುಕಾಗದ.

ನನ್ನ ಸೈಕಲ್ಲಿನ ರೋಗ

ಇದೆಲ್ಲ ಆಯಿತು. ಸೀಟಿನ ಕಂಬ, ಪೆಡಲ್, ಕ್ರ್ಯಾಂಕ್, ಎಲ್ಲಾ ಸರಿ. ಟಕ್ ಮಾತ್ರ ಹೋಗಲಿಲ್ಲ.

ಅದೇ ಸಮಯದಲ್ಲಿ ಇನ್ನೆರಡು ಸಣ್ಣ ಕಿರಿಕಿರಿ ಇದ್ದವು. ಒಂದು, ಹಿಂದಿನ ಡಿಸ್ಕ್ ಪ್ಲೇಟು ಏರಿನಲ್ಲಿ ಶ್ ಶ್ ಅಂತ ಪ್ಯಾಡಿಗೆ ಉಜ್ಜುತ್ತಿತ್ತು. ಸಮ ರಸ್ತೆಯಲ್ಲಿ ಇಲ್ಲ. ಬ್ರೇಕ್ ಸರಿಮಾಡಿದರೆ ನಾಲ್ಕು ದಿನ ಸುಮ್ಮನಿದ್ದು ಮತ್ತೆ ಶುರು. ಎರಡು, ಗೇರ್ ಸ್ಟ್ಯಾಂಡಿನ ಮೇಲೆ ಚೆನ್ನಾಗಿ ಬೀಳುತ್ತಿತ್ತು, ರಸ್ತೆಯಲ್ಲಿ ಜೋರಾಗಿ ತುಳಿದರೆ ತಾನಾಗಿ ಬದಲಾಗುತ್ತಿತ್ತು. ನಾನು ಬ್ರೇಕಿಗೆ ಬ್ರೇಕಿನ ಮದ್ದು, ಗೇರಿಗೆ ಗೇರಿನ ಮದ್ದು ಮಾಡುತ್ತಿದ್ದೆ. ಮೂರೂ ಭಾರ ಬಿದ್ದಾಗಲೇ ಬರುತ್ತವೆ, ಮೂರಕ್ಕೂ ಹಿಂದಿನ ಚಕ್ರ ಸಂಬಂಧಿ ಅಂತ ಒಟ್ಟಿಗೆ ಇಟ್ಟು ನೋಡಲೇ ಇಲ್ಲ.

ನೋಡಿದ್ದು ನಮ್ಮ ಫ್ಯಾಕ್ಟರಿ ಗೇಟಿನ ಸೆಕ್ಯುರಿಟಿ ಅಣ್ಣ. ಗೇಟು ದಾಟಿದ ಕೂಡಲೇ ಸಣ್ಣ ಏರು, ನಾನು ಅಲ್ಲಿ ದಿನಾ ಎದ್ದು ತುಳಿಯುತ್ತೇನೆ. “ಸಾರ್, ನೀವು ತುಳಿಯುವಾಗ ಹಿಂದಿನ ಚಕ್ರ ಒಂದು ಕಡೆಗೆ ವಾಲ್ತದೆ” ಅಂದರು. ಅವತ್ತೇ ಮನೆಗೆ ಬಂದು ರಿಮ್ ಹಿಡಿದು ಎಡಕ್ಕೆ ಬಲಕ್ಕೆ ಜಗ್ಗಿದೆ. ಸಣ್ಣಗೆ, ಕೈಗೆ ತಿಳಿಯುವ ಹಾಗೆ, ಟಕ್.

ಹಬ್ಬಿನ ಕೋನ್, ಅಂದರೆ ಬೇರಿಂಗಿನ ಗುಂಡುಗಳನ್ನು ಒತ್ತಿ ಹಿಡಿಯುವ ನಟ್ಟು, ಸಡಿಲ ಅಂದುಕೊಂಡು ಚಕ್ರ ಬಿಚ್ಚಿದೆ. ಕ್ವಿಕ್ ರಿಲೀಸಿನ ಉದ್ದನೆಯ ಸರಳನ್ನು ಎಳೆದೆ. ಸರಳಿನ ಹಿಂದೆಯೇ ಆಕ್ಸಲಿನ, ಅಂದರೆ ಚಕ್ರ ತಿರುಗುವ ಅಚ್ಚಿನ ಬಲಗಡೆಯ ತುಂಡು, ನಟ್ ಕೋನ್ ಸಮೇತ, ಕೈಗೇ ಬಂತು. ಅದರ ಹಿಂದೆ ಗ್ರೀಸ್ ಮೆತ್ತಿದ ಎರಡು ಗುಂಡುಗಳು ನೆಲಕ್ಕೆ ಉರುಳಿದವು. ಆಕ್ಸಲ್ ಎರಡು ತುಂಡಾಗಿತ್ತು! ಮುರಿದ ಜಾಗ ಅರ್ಧ ಕಪ್ಪಗೆ, ತುಕ್ಕು ಹಿಡಿದಂತೆ. ಉಳಿದರ್ಧ ಹೊಳೆಯುವ ಹೊಸ ಮುರಿತ. ಕಪ್ಪಗಿದ್ದದ್ದು ಹಳೆ ಬಿರುಕು, ಗ್ರೀಸ್ ಕುಡಿದು ಕಪ್ಪಾಗಿದೆ. ಅಂದರೆ ಬಹಳ ದಿನದಿಂದ ಬಿರುಕು ಬಿಡುತ್ತ ಬಂದು, ಕೊನೆಗೆ ಪೂರ್ತಿ ಮುರಿದಿದೆ. ಪೆನ್ಸಿಲ್ಲಿಗಿಂತ ಸಣ್ಣ ಸರಳೊಂದು ಎರಡೂ ತುಂಡನ್ನು ಒತ್ತಿ ಹಿಡಿದುಕೊಂಡು ನನ್ನನ್ನು ಹೊತ್ತು ತಿರುಗಿದೆ. ಅದರ ಹಿಂದಿನ ಭಾನುವಾರ ಚಾಮುಂಡಿ ಬೆಟ್ಟದಿಂದ ಇಳಿದು ಬಂದದ್ದು ನೆನಪಾಗಿ ಬೆನ್ನು ತಣ್ಣಗಾಯಿತು.

ಯಾಕೆ ಮುರಿಯುತ್ತದೆ? ಹಿಂದೆ 7 ಗೇರಿರುವ ಕಡಿಮೆ ಬೆಲೆಯ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಇರುವುದು ಫ್ರೀವೀಲ್. ಹಲ್ಲುಚಕ್ರಗಳು, ಕಟಕಟ ಅನ್ನುವ ಯಂತ್ರ, ಎಲ್ಲಾ ಸೇರಿ ಒಂದೇ ಗಡ್ಡೆ. ಅದನ್ನು ಹಬ್ಬಿನ ಹೊರಗಡೆ ತಿರುಪಿ ಕೂರಿಸಿರುತ್ತಾರೆ. ಬಲಗಡೆಯ ಬೇರಿಂಗು ಅದಕ್ಕಿಂತ ಒಳಗೆ, ಹಬ್ಬಿನಲ್ಲೇ ಉಳಿಯುತ್ತದೆ. ಹಾಗಾಗಿ ಬೇರಿಂಗಿನಿಂದ ಫ್ರೇಮಿನವರೆಗೆ ಆಕ್ಸಲಿನ ಮೂರು ನಾಲ್ಕು ಸೆಂಟಿಮೀಟರಿಗೆ ಆಸರೆಯೇ ಇಲ್ಲ. ಕ್ವಿಕ್ ರಿಲೀಸ್ ಸರಳು ಹೋಗಲಿ ಅಂತ 10 ಮಿಲಿಮೀಟರಿನ ಆಕ್ಸಲ್ಲನ್ನು ಟೊಳ್ಳು ಬೇರೆ ಮಾಡಿರುತ್ತಾರೆ. ಮೇಲೆ 86 ಕೆ.ಜಿ., ಕೆಳಗೆ ರಿಂಗ್ ರೋಡಿನ ಗುಂಡಿ, ಪಕ್ಕದಿಂದ ಚೈನಿನ ಎಳೆತ. ಮೊದಲು ಬಾಗುತ್ತದೆ, ಆಮೇಲೆ ಮುರಿಯುತ್ತದೆ. ಕಟಕಟ ಯಂತ್ರ ಹಬ್ಬಿನಲ್ಲೇ ಇದ್ದು, ಹಲ್ಲುಚಕ್ರಗಳನ್ನು ಮಾತ್ರ ಅದರ ಮೇಲೆ ಜಾರಿಸಿ ಕೂರಿಸುವ ಕ್ಯಾಸೆಟ್ ಹಬ್ಬಿನಲ್ಲಿ ಬಲಗಡೆಯ ಬೇರಿಂಗು ಹೊರ ಅಂಚಿನಲ್ಲಿರುತ್ತದೆ, ಅದಕ್ಕೆ ಅಲ್ಲಿ ಈ ರೋಗ ಅಪರೂಪ.

ನಿಮ್ಮದು ಇನ್ನೂ ಬಾಗುವ ಹಂತದಲ್ಲಿದ್ದರೆ ಪತ್ತೆ ಮಾಡುವುದು ಹೀಗೆ. ಚಕ್ರ ಬಿಚ್ಚಿ, ಸರಳು ತೆಗೆದು, ಆಕ್ಸಲಿನ ತುದಿಯನ್ನು ಬೆರಳಲ್ಲಿ ನಿಧಾನವಾಗಿ ತಿರುಗಿಸಿ. ತುದಿ ನಿಂತಲ್ಲೇ ತಿರುಗಬೇಕು. ಗಿರಗಿಟ್ಲೆ ಹಾಗೆ ಓಲಾಡಿದರೆ ಬಾಗಿದೆ. ಒಂದು ತುದಿ ತಿರುಗಿಸಿದಾಗ ಇನ್ನೊಂದು ತಿರುಗದಿದ್ದರೆ ಮುರಿದಿದೆ, ಅವತ್ತಿಂದ ಸೈಕಲ್ ಹತ್ತಬೇಡಿ.

ಹೊಸ ಆಕ್ಸಲ್ ಹಾಕುವಾಗ

ಹಬ್ಬಿನ ಅಗಲ 135 ಮಿಲಿಮೀಟರ್ ಇದ್ದರೆ ಸುಮಾರು 146 ಉದ್ದದ ಟೊಳ್ಳು ಆಕ್ಸಲ್ ಬೇಕು. ಎರಡೂ ಕಡೆ ಐದೂವರೆ ಮಿಲಿಮೀಟರ್ ಹೊರಗೆ ಉಳಿಯುವಂತೆ ಕೂರಿಸಬೇಕು. ಜಾಸ್ತಿ ಉಳಿದರೆ ಅದು ಫ್ರೇಮಿನ ಹೊರಗೆ ಚಾಚಿ, ಕ್ವಿಕ್ ರಿಲೀಸ್ ಬಿಗಿಯುವುದೇ ಇಲ್ಲ. ಹಳೆ ಆಕ್ಸಲ್ಲನ್ನೇ ಅಂಗಡಿಗೆ ಒಯ್ದು ಥ್ರೆಡ್ ಹೊಂದಿಸಿ ತನ್ನಿ. ಕೋನ್, ನಟ್ ಸೇರಿದ ಸೆಟ್ ನನಗೆ 260 ರೂಪಾಯಿಗೆ ಸಿಕ್ಕಿತು.

ಕಷ್ಟದ ಕೆಲಸ ಫ್ರೀವೀಲ್ ಬಿಚ್ಚುವುದು. ದಿನಾ ತುಳಿದಂತೆಲ್ಲ ಅದು ಬಿಗಿಯಾಗುತ್ತಲೇ ಬಂದಿರುತ್ತದೆ. ಹಲ್ಲಿರುವ ಸಣ್ಣ ಬುಷ್ಷಿನಂಥ ಟೂಲ್ ಇಟ್ಟು, ವೈಸಿನಲ್ಲಿ ಕಚ್ಚಿಸಿ, ಚಕ್ರವನ್ನೇ ಸ್ಟಿಯರಿಂಗ್ ಹಾಗೆ ತಿರುಗಿಸಿದರೆ ಬರುತ್ತದೆ. ಮನೆಯಲ್ಲಿ ವೈಸ್ ಇಲ್ಲದಿದ್ದರೆ ಇದೊಂದನ್ನು ಅಂಗಡಿಯಲ್ಲೇ ಬಿಚ್ಚಿಸಿ, 50 ರೂಪಾಯಿ ಕೊಟ್ಟರೆ ನಷ್ಟವಿಲ್ಲ. ಕಾಲು ಇಂಚಿನ ಗುಂಡುಗಳು, ಒಂದೊಂದು ಕಡೆಗೆ 9. ಹಳೆಯವನ್ನು ತೊಳೆದು ಹಾಕುವ ಜಿಪುಣತನ ಬೇಡ.

ಕೋನ್ ಬಿಗಿಯುವಾಗ ಒಂದು ಗುಟ್ಟಿದೆ. ಚಕ್ರ ಕೈಯಲ್ಲಿದ್ದಾಗ ಕೂದಲೆಳೆಯಷ್ಟು ಅಲ್ಲಾಟ ಉಳಿಸಬೇಕು. ಕ್ವಿಕ್ ರಿಲೀಸ್ ಮುಚ್ಚಿದಾಗ ಆಕ್ಸಲ್ ಒತ್ತಿಕೊಂಡು ಆ ಅಲ್ಲಾಟ ತಾನಾಗಿ ಹೋಗುತ್ತದೆ. ಕೈಯಲ್ಲೇ ಪೂರ್ತಿ ಸರಿಮಾಡಿದರೆ ಸೈಕಲ್ಲಿಗೆ ಹಾಕಿದ ಮೇಲೆ ಬೇರಿಂಗು ಬಿಗಿಯಾಗಿ ಬೇಗ ಸಾಯುತ್ತದೆ.

ಮತ್ತೆ ಮತ್ತೆ ಆಕ್ಸಲ್ ಬಾಗುತ್ತಿದ್ದರೆ ಕ್ಯಾಸೆಟ್ ಹಬ್ಬಿನ ಚಕ್ರ ಕಟ್ಟಿಸುವುದು ಒಳ್ಳೆಯದು. 7 ಗೇರಿನ ಕ್ಯಾಸೆಟ್ಟನ್ನು ಒಂದು ಸ್ಪೇಸರ್ (ಸಂದು ತುಂಬುವ ಬಳೆ) ಜೊತೆ ಹಾಕಿದರೆ ಗೇರ್ ಬದಲಿಸುವ ಹಳೆ ಶಿಫ್ಟರೇ ನಡೆಯುತ್ತದೆ. ನಾನು ಇನ್ನೂ ಆ ಖರ್ಚು ಮಾಡಿಲ್ಲ. ಬದಲಿಗೆ ಗುಂಡಿ ಕಂಡರೆ ಸೀಟಿನಿಂದ ಏಳುತ್ತೇನೆ, ಕೆಲಸಕ್ಕೆ ಹೋಗುವ ದಿನಗಳಲ್ಲಿ ಟೈರಿಗೆ 45–50 ಪಿ.ಎಸ್.ಐ. ಗಾಳಿ ಇಡುತ್ತೇನೆ, ನಾಲೆ ಏರಿಗೆ ಹೋಗುವಾಗ 35ಕ್ಕೆ ಇಳಿಸುತ್ತೇನೆ.

ಇಷ್ಟೆಲ್ಲ ನೋಡಿಯೂ ಸದ್ದು ಉಳಿದಿದ್ದರೆ ಫ್ರೇಮನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ತಂದು, ವೆಲ್ಡಿಂಗ್ ಇರುವ ಕಡೆಯೆಲ್ಲ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಬಿ.ಬಿ. ಸುತ್ತ, ಹ್ಯಾಂಡಲ್ ಕೆಳಗೆ, ಸೀಟಿನ ಕಂಬ ಇಳಿಯುವ ಜಾಗ, ಹಿಂದಿನ ಆಕ್ಸಲ್ ಕೂರುವ ಕಡೆ. ಬಣ್ಣದಲ್ಲಿ ಕೂದಲಿನಂಥ ಗೆರೆ ಕಂಡರೆ ಉಗುರಲ್ಲಿ ಕೆರೆದು ನೋಡಿ. ಉಗುರು ಸಿಕ್ಕಿಕೊಂಡರೆ ಅದು ಬರೀ ಬಣ್ಣದ ಗೆರೆಯಲ್ಲ. ಅಲ್ಯೂಮಿನಿಯಂ ಫ್ರೇಮಿಗೆ ಬೀದಿ ವೆಲ್ಡಿಂಗ್ ಮಾಡಿಸಬೇಡಿ.

ನನ್ನದು ಹೊಸ ಆಕ್ಸಲ್ ಹಾಕಿ 50 ಕಿಲೋಮೀಟರ್ ಆದ ಮೇಲೆ ಮತ್ತೆ ರಿಮ್ ಹಿಡಿದು ಜಗ್ಗಿ ನೋಡಿದೆ. ಗುಂಡುಗಳು ಕೂತು ಸ್ವಲ್ಪ ಅಲ್ಲಾಟ ಬಂದಿತ್ತು, ಕೋನ್ ಒಂದೆಳೆ ಬಿಗಿ ಮಾಡಿದೆ. ಡಿಸ್ಕ್ ಉಜ್ಜುವುದು ನಿಂತಿದೆ, ಗೇರ್ ಹೇಳಿದ ಕಡೆ ನಿಲ್ಲುತ್ತದೆ. ಈಗ ಗೇಟಿನ ಏರಿನಲ್ಲಿ ಕೇಳುವುದು ನನ್ನ ಏದುಸಿರು ಮಾತ್ರ.